ಲಕ್ಕಮ್ಮನ ಅಳತೆ, ಮಕ್ಕಳ ಲೆಕ್ಕ

ಕೂಡಲಸಂಗಮವನ್ನು ಮಗ್ಗುಲಲ್ಲಿಟ್ಟುಕೊಂಡ ಹುನಗುಂದ, ಇಳಕಲ್ಲಿನ ಶಿಕ್ಷಕರಿಗೆ ಗಣಿತದ ನಿತ್ಯ ಅಭ್ಯಾಸವನ್ನು ಕಾಯಕವೆಂದು ಕರೆಯುವುದು ಸುಲಭ. ಆದರೆ ಶರಣರು ಜಪಕ್ಕೆ, ಅಭಿಷೇಕಕ್ಕೆ, ಉಪವಾಸಕ್ಕೆ ಹಾಕಿದ ಪ್ರಶ್ನೆಯನ್ನು ಹೋಂವರ್ಕಿಗೂ ಹಾಕದೆ ಆ ಹೆಸರು ಕೊಡುವಂತಿಲ್ಲ. ಮನಸ್ಸಿಲ್ಲದ ಆವರ್ತನೆ ಅವರ ಕಣ್ಣಲ್ಲಿ ಬರೀ ಆಯಾಸ. ಒಂದೇ ಅಚ್ಚಿನ ನಲವತ್ತು ಭಾಗಾಕಾರಗಳನ್ನು ಭಾನುವಾರ ರಾತ್ರಿ ಗೆಳತಿಯ ಪಟ್ಟಿ ನೋಡಿ ಇಳಿಸಿಕೊಂಡ ಹುಡುಗಿ ಮಾಡಿದ್ದು ಕಾಯಕವಲ್ಲ, ಮಾಸ್ತರ ಹರಕೆ.

ಹಾಗಾದರೆ ಅಭ್ಯಾಸ ಕಾಯಕವಾಗುವುದು ಯಾವಾಗ? ಇದಕ್ಕೆ ಬಸವಣ್ಣನಿಗಿಂತ ಆಯ್ದಕ್ಕಿ ಲಕ್ಕಮ್ಮನನ್ನು ಕೇಳುವುದು ಮೇಲು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದವಳು ಅವಳು. ಇದನ್ನು ದುರಾಸೆಯ ವಿರುದ್ಧದ ಕಥೆಯೆಂದೇ ಹೇಳಿಕೊಂಡು ಬಂದಿದ್ದೇವೆ. ಅದರಲ್ಲಿ ಕಾಲದ ವಿಚಾರವೂ ಇದೆ: ನಾಳೆಯ ಕಾಯಕವನ್ನು ಇವತ್ತೇ ಮಾಡಿ ಮುಗಿಸಲು ಬರುವುದಿಲ್ಲ. ನೆನಪಿನ ಅಧ್ಯಯನವೂ ಇದನ್ನೇ ಹೇಳುತ್ತದೆ. ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ, ಒಮ್ಮೆಲೇ ಉರು ಹೊಡೆಯುವುದಕ್ಕಿಂತ ದಿನಗಳಿಗೆ ಹಂಚಿದ ಓದು ಕಡಿಮೆ ಶ್ರಮದಲ್ಲಿ ನಿಲ್ಲುತ್ತದೆಂದು ತೋರಿಸಿದ. ಹಂಚುವುದರ ಜೊತೆಗೆ ಬೆರೆಸುವುದೂ ಇದೆ: 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರಾದ ರೋರರ್ ಮತ್ತು ಟೇಲರ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಘನಫಲದ ಲೆಕ್ಕ ಕೊಟ್ಟರು. ಒಂದೇ ಬಗೆಯವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿಗೆ 89% ಸರಿ, ಬೆರಕೆ ಲೆಕ್ಕ ಮಾಡಿದವರು 60%. ವಾರ ಕಳೆದು ಪರೀಕ್ಷೆಯಿಟ್ಟಾಗ ಮೊದಲಿನವರು 20%ಕ್ಕೆ ಇಳಿದರು, ಬೆರಕೆಯವರು 63%ರಲ್ಲಿ ನಿಂತರು. ಒಂದೇ ಬಗೆಯ ಲೆಕ್ಕ ರಾಶಿ ಹಾಕಿದ ಹೋಂವರ್ಕ್ ಅಂದಿನ ಮಟ್ಟಿಗೆ ಮಾಸ್ತರಿಗೂ ಮಗುವಿಗೂ ಕಲಿತ ಭ್ರಮೆ ಕೊಡುತ್ತದೆ, ಆಡಂಬರದ ಪೂಜೆ ಪುಣ್ಯದ ಭ್ರಮೆ ಕೊಟ್ಟಂತೆ.

ಅರ್ಥವಾದರೆ ಸಾಕು, ಮತ್ತೆ ಮತ್ತೆ ಮಾಡುವುದೇಕೆ ಎನ್ನುವವರಿದ್ದಾರೆ. ಬಾಯಿಪಾಠದ ಮಗ್ಗಿಯಿಂದ ಬೇಸತ್ತವರ ಈ ಮಾತಿನಲ್ಲಿ ನ್ಯಾಯವಿದೆ. ಆದರೆ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಸೂತ್ರ ಹೇಳಿ ಸುಮ್ಮನಾಗಲಿಲ್ಲ, ಅದರ ಬೆನ್ನಿಗೆ ಬಗೆಬಗೆಯ ಲೆಕ್ಕ ಕೊಟ್ಟ. ಭಿನ್ನರಾಶಿ ತಿಳಿಯಿತು ಎಂದುಕೊಂಡ ಮಗುವಿಗೆ ಛೇದ ಬೇರೆಯಾದ ಲೆಕ್ಕ ಎದುರಾದಾಗಲೇ ತಿಳಿಯದ್ದು ಏನೆಂದು ಗೊತ್ತಾಗುವುದು. ತಿಳಿವಳಿಕೆ ಮೊದಲು, ಅಭ್ಯಾಸ ಆಮೇಲೆ ಎಂಬ ಸರದಿ ನಿಜವಾದ ಕಲಿಕೆಯಲ್ಲಿ ಇಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯದು. ಕಾಯಕ ಒಪ್ಪಿ ಮಾಡುವಂಥದ್ದು, ಮಗುವಿಗೆ ಲೆಕ್ಕ ಹೇರಿಕೆ. ಇದನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಇಳಕಲ್ಲಿನ ಮಹಾಂತ ಸ್ವಾಮೀಜಿ 1975ರಲ್ಲಿ ಶುರುಮಾಡಿದ ಮಹಾಂತ ಜೋಳಿಗೆಯನ್ನು ನೋಡಿ. ಕಾಳು ಕಾಸಿನ ಬದಲು ಜನರ ಚಟಗಳನ್ನೇ ಅದು ಭಿಕ್ಷೆ ಬೇಡಿತು. ದಂಡ ಹಾಕಲಿಲ್ಲ; ಎದುರು ನಿಂತು ಕೇಳಿತು, ಕೊಡುವುದು ಬಿಡುವುದು ಕೊಡುವವನಿಗೇ ಬಿಟ್ಟಿತು. ಶಿಕ್ಷಕ ಹಾಗೆ ದಿನವೂ ಮಗುವಿನ ತಪ್ಪನ್ನು ಬೇಡಬೇಕು. ಸರಿಯುತ್ತರವನ್ನಷ್ಟೇ ಕೇಳುವ ಮಾಸ್ತರ ಮುಂದೆ ತಪ್ಪು ಅಡಗುತ್ತದೆ, ನಕಲು ಹುಟ್ಟುತ್ತದೆ. ಐದು ಲೆಕ್ಕ ಕೊಟ್ಟು ಐದನ್ನೂ ಓದುವುದು ಅವನ ಪಾಲಿನ ಕಾಯಕ. ಐವತ್ತು ಕೊಟ್ಟು ಬರೀ ಟಿಕ್ ಹಾಕುವವನಿಗೆ ಆ ಹೆಸರು ಸಲ್ಲದು.

ಉಳಿದದ್ದು ಬಡತನದ ಪ್ರಶ್ನೆ, ಇದಕ್ಕೆ ವೇದಾಂತದ ಉತ್ತರ ಸಾಲದು. ಬಾದಾಮಿ, ಹುನಗುಂದ ಕಡೆಯಿಂದ ಗೋವಾಕ್ಕೂ ಮಂಗಳೂರಿಗೂ ಗುಳೆ ಹೋಗುವ ಕುಟುಂಬಗಳಿವೆ; ನೇಕಾರರ ಮನೆಯಲ್ಲಿ ಸಂಜೆ ಕಂಡಿಕೆ ಸುತ್ತುವ ಕೈಗಳಲ್ಲಿ ಮಕ್ಕಳವೂ ಸೇರುತ್ತವೆ. ನಿತ್ಯ ಅಭ್ಯಾಸ ಬಿಡುವಿದ್ದವರ ಸೊತ್ತಾಗದಿರಬೇಕಾದರೆ ಅದನ್ನು ಮನೆಯಿಂದ ಶಾಲೆಗೆ ತರಬೇಕು. ದಿನದ ಮೊದಲ ಹದಿನೈದು ನಿಮಿಷ, ಮೂರು ಹಳೆಯ ಲೆಕ್ಕ, ಎರಡು ಹೊಸವು, ಅಲ್ಲೇ ತಿದ್ದುವುದು. ಗುಳೆಯಿಂದ ಮರಳಿದ ಮಗುವಿಗೆ ತಪ್ಪಿಹೋದ ತಿಂಗಳುಗಳ ಬಾಕಿ ಹೊರಿಸದೆ, ಅಂದಿನ ಐದರಿಂದಲೇ ಶುರು.