ಪೊಟ್ಟಣದೊಳಗಿನ ಅದೃಷ್ಟ

ನಾವು ದಿನವೂ ಆಡುವ 'ಅದೃಷ್ಟ' ಎಂಬ ಮಾತಿಗೆ ಮೂಲದಲ್ಲಿ 'ಕಾಣದ್ದು' ಎಂದಷ್ಟೇ ಅರ್ಥ. ಅದು ಒಳ್ಳೆಯದೆಂದೂ ಹೇಳುವುದಿಲ್ಲ, ಕೆಟ್ಟದ್ದೆಂದೂ ಹೇಳುವುದಿಲ್ಲ. ಈ ಅರ್ಥಕ್ಕೆ ತೀರ ಹತ್ತಿರದ ವಸ್ತುವೊಂದು ಮಕ್ಕಳ ಕೈಯಲ್ಲಿರುತ್ತದೆ. ಆಟಗಾರರ ಚಿತ್ರವಿರುವ ಕಾರ್ಡುಗಳನ್ನು ಒಳಗಿಟ್ಟು ಮುಚ್ಚಿದ ಪೊಟ್ಟಣವೇ ಅದು. ಒಳಗೆ ಯಾರಿದ್ದಾರೆಂದು ಹೊರಗಿನಿಂದ ಕಾಣದು; ಕಾಣದಿರುವುದೇ ಅದರ ಆಕರ್ಷಣೆ. ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚಿತ್ರಗಳನ್ನು ಕೂಡಿಟ್ಟ ನಮ್ಮ ಪೀಳಿಗೆಗೂ, ಮುಂದೆ ಕ್ರಿಕೆಟ್ ಅಟ್ಯಾಕ್ಸ್ ಕಾರ್ಡುಗಳನ್ನು ಕೊಂಡ ಮಕ್ಕಳಿಗೂ ಪೊಟ್ಟಣ ಹರಿಯುವ ಕ್ಷಣದ ಎದೆಬಡಿತ ಪರಿಚಿತವೇ. ವಿರಳವಾದ ಕಾರ್ಡು ಸಿಕ್ಕಾಗ ಆಗುವ ಆ ಪುಳಕ ಒಳ್ಳೆಯದೋ, ಅಲ್ಲವೋ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೂ ಕೊಂಚ ವಿಚಾರ ಮಾಡಿ ನೋಡೋಣ.

ಈ ಹವ್ಯಾಸ ದೊಡ್ಡದಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಮೊದಮೊದಲು ವಿರಳತೆ ತಾನಾಗಿ ಒದಗಿದ್ದು. ೧೯೦೯ರಿಂದ ೧೯೧೧ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿ ತನ್ನ ಸಿಗರೇಟು ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡುಗಳನ್ನು ಇಡುತ್ತಿತ್ತು. ಅವುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡಿನ ಮುದ್ರಣ ಬೇಗನೆ ನಿಂತುಹೋಯಿತು. ಉಳಿದ ಕೆಲವೇ ಪ್ರತಿಗಳಲ್ಲಿ ಒಂದು ೨೦೨೨ರಲ್ಲಿ ೭೨ ಲಕ್ಷ ೫೦ ಸಾವಿರ ಡಾಲರಿಗೆ ಮಾರಾಟವಾಯಿತು. ಟಾಪ್ಸ್ ಕಂಪೆನಿಯ ೧೯೫೨ರ ಕಾರ್ಡುಗಳ ಕಥೆ ಇನ್ನೂ ವಿಚಿತ್ರ. ಆ ವರ್ಷದ ಕೊನೆಯ ಕಂತಿನಲ್ಲಿ ಮಾರಾಟವಾಗದೆ ಉಳಿದ ರಾಶಿಯನ್ನು ೧೯೬೦ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದುದಾಗಿ ಕಂಪೆನಿಯ ಸೈ ಬರ್ಗರ್ ಅವರೇ ಹೇಳಿದ್ದರು. ಅದೇ ಕಂತಿನ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು ೨೦೨೨ರ ಆಗಸ್ಟಿನಲ್ಲಿ ೧ ಕೋಟಿ ೨೬ ಲಕ್ಷ ಡಾಲರು ತಂದಿತು. ಕಸವೆಂದು ಕಡಲು ಸೇರಿದ್ದರ ಒಡಹುಟ್ಟು ಅದು!

ವ್ಯಾಪಾರಕ್ಕೆ ಈ ಪಾಠ ಅರ್ಥವಾಗದೆ ಇರುತ್ತದೆಯೇ? ೧೯೯೦ರಲ್ಲಿ ಅಪ್ಪರ್ ಡೆಕ್ ಕಂಪೆನಿ ರೆಜಿ ಜಾಕ್ಸನ್ ಸಹಿ ಮಾಡಿದ ೨,೫೦೦ ಕಾರ್ಡುಗಳನ್ನು ತನ್ನ ಪೊಟ್ಟಣಗಳ ರಾಶಿಯಲ್ಲಿ ಬೆರೆಸಿಬಿಟ್ಟಿತು. ಒದಗಿಬರುತ್ತಿದ್ದ ವಿರಳತೆ ಈಗ ಮಾಡಿಡುವ ವಿರಳತೆಯಾಯಿತು. ಇಂದು ಒಂದೇ ಒಂದು ಪ್ರತಿಯಿರುವ ಕಾರ್ಡುಗಳೂ ಉಂಟು. ಪಾಲ್ ಸ್ಕೀನ್ಸ್ ಎಂಬ ಹೊಸ ಆಟಗಾರ ತನ್ನ ಮೊದಲ ಪಂದ್ಯದಲ್ಲಿ ತೊಟ್ಟ ಅಂಗಿಯ ಬಿಲ್ಲೆಯನ್ನು ಹೊಂದಿಸಿದ ಅಂಥ ಕಾರ್ಡು ೨೦೨೪ರ ಕ್ರಿಸ್‌ಮಸ್ ದಿನ ಲಾಸ್ ಏಂಜಲೀಸಿನ ೧೧ ವರ್ಷದ ಹುಡುಗನಿಗೆ ಸಿಕ್ಕಿತು. ಅದಕ್ಕೆ ಬದಲಾಗಿ ೩೦ ವರ್ಷ ಪಂದ್ಯ ನೋಡುವ ಟಿಕೆಟು ಕೊಡುತ್ತೇವೆಂದು ಆಟಗಾರನ ತಂಡವೇ ಸಾರಿತ್ತು. ಮರುವರ್ಷದ ಮಾರ್ಚಿನಲ್ಲಿ ಹರಾಜಾದ ಕಾರ್ಡು ೧೧ ಲಕ್ಷ ೧೦ ಸಾವಿರ ಡಾಲರಿಗೆ ಹೋಯಿತು.

ಇಂಥ ಸುದ್ದಿ ಓದಿದ ಮನಸ್ಸು ಲೆಕ್ಕವನ್ನು ಮರೆಯುತ್ತದೆ. ವಿಶೇಷ ಕಾರ್ಡು ೨೪ ಪೊಟ್ಟಣಕ್ಕೆ ಒಂದು ಎಂದು ಹೊದಿಕೆಯ ಮೇಲೆ ಅಚ್ಚಾಗಿದೆ ಎನ್ನಿ. ೨೪ ಕೊಂಡರೆ ಸಿಕ್ಕೇ ಸಿಗುತ್ತದೆಂದು ನಾವು ನಂಬುತ್ತೇವೆ. ಒಂದು ಪೊಟ್ಟಣಕ್ಕೆ ಇನ್ನೊಂದರ ಹಂಗಿಲ್ಲವೆಂದು ಇಟ್ಟುಕೊಂಡು ಗುಣಿಸಿದರೆ, ೨೪ ಕೊಂಡವರಲ್ಲಿಯೂ ನೂರಕ್ಕೆ ೩೬ ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಇಪ್ಪತ್ತೈದನೆಯ ಪೊಟ್ಟಣಕ್ಕೆ ಹಿಂದಿನವುಗಳ ನೆನಪಾಗಲಿ, ಕೊಂಡವನ ಮೇಲೆ ಕನಿಕರವಾಗಲಿ ಇಲ್ಲ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ್ದೂ ಇದನ್ನೇ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ಗೊತ್ತಿಲ್ಲದ ಹಕ್ಕಿ ಬಿಡದೆ ಕುಕ್ಕುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ.

ಹಾಗಾದರೆ ಇದು ಮೋಸವೇ? ಕಾರ್ಡು ಕೊಂಡು ನಿರಾಶರಾದ ಕೆಲವರು ಅಮೆರಿಕದಲ್ಲಿ ಕಂಪೆನಿಗಳ ಮೇಲೆ ದಾವೆ ಹೂಡಿದ್ದರು. ೨೦೦೨ರಲ್ಲಿ ಅಲ್ಲಿನ ಒಂಬತ್ತನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೊಟ್ಟ ಹಣಕ್ಕೆ ಕಾರ್ಡೂ ಬಂತು, ವಿರಳ ಕಾರ್ಡಿನ ಅವಕಾಶವೂ ಬಂತು. ಅದು ಸಿಗಲಿಲ್ಲವೆಂಬ ನಿರಾಸೆ ಆಸ್ತಿಗಾದ ನಷ್ಟವಲ್ಲ ಎಂಬುದು ತೀರ್ಪಿನ ಸಾರ. ಕಾನೂನಿನ ದೃಷ್ಟಿಯಿಂದ ಇದು ಸರಿಯೇ ಇರಬಹುದು. ಆದರೆ ಕಾನೂನಿನ ಪ್ರಶ್ನೆ ಮುಗಿದಲ್ಲಿ ನೀತಿಯ ಪ್ರಶ್ನೆಯೂ ಮುಗಿಯಬೇಕೆಂದೇನೂ ಇಲ್ಲ.

ವಿರಳವಾದದ್ದು ಸಿಕ್ಕಾಗ ನಮಗಾಗುವ ಸಂತೋಷದಲ್ಲಿ ಎರಡು ಎಳೆಗಳಿವೆ. ನೆನೆಯದೆ ಬಂದದ್ದರ ಬೆರಗು ಒಂದು. ಇದು ಬೇರೆ ಯಾರಲ್ಲಿಯೂ ಇಲ್ಲವೆಂಬ ಹಿಗ್ಗು ಇನ್ನೊಂದು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ೨೦೨೨ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಅರಳಿತು. ಜನ ಗುಂಪುಗುಂಪಾಗಿ ಹೋಗಿ ನೋಡಿದರು. ಹತ್ತು ಜನ ನೋಡಿದರೆಂದು ಹನ್ನೊಂದನೆಯವನ ಬೆರಗು ಕಡಿಮೆಯಾಗಲಿಲ್ಲ. ಒಂದೇ ಪ್ರತಿಯ ಕಾರ್ಡಿನ ಗತಿ ಹಾಗಲ್ಲ. ಯಂತ್ರ ಇನ್ನೊಂದು ಪ್ರತಿ ಅಚ್ಚು ಹಾಕಿದರೆ ಅದರ ಬೆಲೆ ಅರ್ಧಕ್ಕಿಳಿದೀತು. ಮೊದಲನೆಯ ಎಳೆ ನಿರ್ದೋಷವಾದದ್ದು. ಎರಡನೆಯದು ಪರರ ಇಲ್ಲದಿಕೆಯನ್ನು ಉಂಡು ಬದುಕುವಂಥದು.

ಇನ್ನೂ ಒಂದು ಮಾತಿದೆ. ಬಯಸಿದ ಕಾರ್ಡು ಬಾರದಿದ್ದರೆ ಪೊಟ್ಟಣದ ಉಳಿದ ಕಾರ್ಡುಗಳೆಲ್ಲ ಕಸವಾಗುತ್ತವೆ. ಅವುಗಳಲ್ಲಿ ಯಾವ ಕೊರತೆಯೂ ಇಲ್ಲ. ಅವು ಬೇರೆಯವು, ಅಷ್ಟೆ. ಹಾಗೆ ಮೂಲೆಗೆ ಬಿದ್ದ 'ಸಾಮಾನ್ಯ' ಆಟಗಾರನಾದರೂ ಯಾರು? ಊರೂರ ಮೈದಾನಗಳಲ್ಲಿ ಆಡಿದ ಸಾವಿರಾರು ಹುಡುಗರ ನಡುವಿನಿಂದ ಆ ಮಟ್ಟಕ್ಕೆ ಏರಿ ಬಂದವನು. ೧೯೭೩-೭೪ರಲ್ಲಿ ಕರ್ನಾಟಕ ತಂಡ ಮುಂಬಯಿಯ ಸತತ ೧೫ ವರ್ಷಗಳ ಯಜಮಾನಿಕೆ ಮುರಿದು ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಿತು. ಆ ತಂಡದ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇವರನ್ನು ನಾವು ಹೊರನಾಡಿನಲ್ಲಿಯೂ ಎದೆಯುಬ್ಬಿಸಿ ಹೆಸರಿಸುತ್ತೇವೆ. ಉಳಿದ ಎಂಟು ಮಂದಿ ಇಲ್ಲದೆ ಆ ಮೂವರೇ ಪಂದ್ಯ ಆಡಬಹುದಾಗಿತ್ತೇ? ವಿರಳವಾದದ್ದಕ್ಕೆ ಮಾತ್ರ ಪಳಗಿದ ಕಣ್ಣು ಎದುರಿಗಿರುವುದನ್ನು ಕಾಣದೆ ಹೋಗುತ್ತದೆ. ಈ ಪುಳಕದ ನಿಜವಾದ ಬೆಲೆ ಪೊಟ್ಟಣದ ದುಡ್ಡಲ್ಲ, ಈ ಕುರುಡು.

ಕನ್ನಡದಲ್ಲಿ ನಾವು ಗಳಿಸಿದ್ದಕ್ಕೆ 'ಗಳಿಸಿದೆ' ಎನ್ನುತ್ತೇವೆ. ಇಂಥದಕ್ಕೆ 'ನನಗೆ ಸಿಕ್ಕಿತು' ಎನ್ನುತ್ತೇವೆ. ಇಲ್ಲಿ ಬಂದು ಒದಗಿದ್ದು ವಸ್ತು. ನಾವು ಬರಿಯ ಕೈಯೊಡ್ಡಿದವರು. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ಕೆಲಸ ಸಿಕ್ಕಿತು, ಮನೆ ಸಿಕ್ಕಿತು ಎಂದು ಹೇಳುವಾಗಲೂ ಈ ವಿವೇಕ ಮಾತಿನಲ್ಲಿಯೇ ಅಡಗಿರುತ್ತದೆ. ಸಿಕ್ಕಿದವನು ಸಿಗದವನಿಗಿಂತ ಮೇಲಿನವನಲ್ಲ.

ಆದ್ದರಿಂದ ಮಕ್ಕಳಿಂದ ಪೊಟ್ಟಣವನ್ನು ಕಿತ್ತುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಕಾಣದ್ದರ ಮುಂದೆ ಎದೆ ಹೊಡೆದುಕೊಳ್ಳುವುದು ಮನುಷ್ಯ ಸಹಜ. ಎಷ್ಟು ಪೊಟ್ಟಣವೆಂಬುದು ಮೊದಲೇ ತೀರ್ಮಾನವಾಗಿರಲಿ. ತೆರೆದ ಮೇಲೆ ಎಲ್ಲ ಕಾರ್ಡುಗಳ ಬೆನ್ನನ್ನೂ ತಿರುವಿ, ಅವನು ಯಾರು, ಎಷ್ಟು ಆಡಿದ ಎಂದು ಓದುವ ರೂಢಿಯಾಗಲಿ. ಎರಡೆರಡು ಬಂದದ್ದನ್ನು ಪಕ್ಕದ ಮನೆಯ ಹುಡುಗನೊಡನೆ ಬದಲಾಯಿಸಿಕೊಳ್ಳಲಿ. ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಬೇಕಾದದ್ದೆಂಬ ತಿಳಿವಳಿಕೆ ಆ ಕೊಡುಕೊಳ್ಳುವಿಕೆಯಲ್ಲಿ ಬರುತ್ತದೆ. ಅದನ್ನು ಯಾವ ಕಂಪೆನಿಯೂ ಪೊಟ್ಟಣದಲ್ಲಿಟ್ಟು ಮಾರಲಾರದು.