ಹಾಸ್ಟೆಲಿನ ಭಾನುವಾರ

ಕಾಲೇಜು ಸೇರುವ ಕಾಲ ಬಂತೆಂದರೆ ಬೆಂಗಳೂರಿನ ಮೆಜೆಸ್ಟಿಕ್, ಯಶವಂತಪುರಗಳಲ್ಲಿ ಒಂದು ಬಗೆಯ ಪ್ರಯಾಣಿಕರು ಹೆಚ್ಚುತ್ತಾರೆ. ಬೀದರಿನ ರೈಲಿನಿಂದಲೋ ಹಾಸನದ ಬಸ್ಸಿನಿಂದಲೋ ಇಳಿಯುವ ಈ ಕುಟುಂಬಗಳ ಕೈಯಲ್ಲಿ ಸುತ್ತಿ ಕಟ್ಟಿದ ಹಾಸಿಗೆ, ಹೊಸ ಬಕೆಟ್ಟು, ಉಪ್ಪಿನಕಾಯಿಯ ಡಬ್ಬಿ ಇರುತ್ತವೆ. ಅಪ್ಪ ಹಾಸ್ಟೆಲಿನ ನೀರು, ಬೀಗ, ಗೇಟು ಮುಚ್ಚುವ ಹೊತ್ತನ್ನು ವಿಚಾರಿಸುತ್ತಾನೆ. ಅಮ್ಮ ಅಡುಗೆಮನೆಗೆ ಇಣುಕಿ ನೋಡುತ್ತಾಳೆ. ಕ್ರೈಸ್ತ ಮನೆಯವರಾದರೆ ಹೊರಡುವ ಮುನ್ನ ಇನ್ನೊಂದು ಮಾತು ಸೇರುತ್ತದೆ: “ಭಾನುವಾರ ತಪ್ಪದೆ ಚರ್ಚಿಗೆ ಹೋಗು, ಮಗಾ.” ಯಾವ ಚರ್ಚಿಗೆ, ಅಲ್ಲಿ ಯಾರನ್ನು ಕಾಣಬೇಕು ಎಂಬುದು ಹೇಳಿದವರಿಗೂ ಗೊತ್ತಿರುವುದಿಲ್ಲ, ಕೇಳಿದವರಿಗೂ ಗೊತ್ತಿರುವುದಿಲ್ಲ. ಮಗ ಆಗಲಿ ಎಂದು ತಲೆಯಾಡಿಸುತ್ತಾನೆ.

ಊರಿನ ಚರ್ಚ್ ಸಭೆಯ ಬೀರುವಿನಲ್ಲಿರುವ ಪುಸ್ತಕಗಳನ್ನು ತೆಗೆದು ನೋಡಿದರೆ ಇಂಥ ಮಕ್ಕಳು ಮುಂದೆ ಚರ್ಚಿನಿಂದ ಏಕೆ ದೂರವಾಗುತ್ತಾರೆಂದು ಅರ್ಥವಾಗುತ್ತದೆ. ದೀಕ್ಷಾಸ್ನಾನಕ್ಕೊಂದು, ದೃಢೀಕರಣಕ್ಕೊಂದು, ಮದುವೆಗೊಂದು, ಸಮಾಧಿಗೊಂದು ರಿಜಿಸ್ಟರು ಇದೆ. ಹೈಸ್ಕೂಲಿನ ವಯಸ್ಸಿನಲ್ಲಿ ದೃಢೀಕರಣವಾಗಿ ಹೆಸರು ಬರೆಸಿದ ಹುಡುಗಿ ಮತ್ತೆ ಆ ಬೀರುವಿನ ಕಡೆ ಬರುವುದು ಮದುವೆಗೆ ಸದಸ್ಯತ್ವದ ಪತ್ರ ಬೇಕಾದಾಗ. ನಡುವಿನ ಎಂಟು ಹತ್ತು ವರ್ಷಗಳು ಯಾವ ಪುಸ್ತಕದಲ್ಲೂ ಇಲ್ಲ. ಓದು, ಉದ್ಯೋಗ, ಸಂಗಾತಿ, ನಂಬಿಕೆ ಇವೆಲ್ಲ ನಿಶ್ಚಯವಾಗುವ ವರ್ಷಗಳೇ ಅವು. ನಮ್ಮ ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ ಎಂದು ಊರಿನ ಸಭೆ ನೆಮ್ಮದಿಯಿಂದಿರುತ್ತದೆ. ಬೆಂಗಳೂರಿನ ಸಭೆಗೆ ಆಕೆ ಬಂದಿರುವ ಸುದ್ದಿಯೇ ಮುಟ್ಟಿರುವುದಿಲ್ಲ. ಯುವಕರು ಚರ್ಚನ್ನು ಬಿಟ್ಟುಹೋಗುತ್ತಿದ್ದಾರೆ ಎಂದು ಹಿರಿಯರು ಕೊರಗುವುದನ್ನು ಕೇಳುತ್ತೇವೆ. ಅವರಲ್ಲಿ ಎಷ್ಟೋ ಮಂದಿ ಬಿಡಬೇಕೆಂದು ಬಿಟ್ಟವರಲ್ಲ. ಒಂದು ಸಭೆ ಕಳಿಸಿಕೊಟ್ಟಿತು, ಇನ್ನೊಂದು ಸಭೆ ಬರಮಾಡಿಕೊಳ್ಳಲಿಲ್ಲ, ಅಷ್ಟೇ.

ಬೈಬಲಿನ ಅಪೊಸ್ತಲರ ಕೃತ್ಯಗಳ ಇಪ್ಪತ್ತನೆಯ ಅಧ್ಯಾಯದಲ್ಲಿ ಯೂತಿಖನೆಂಬ ಯುವಕನ ಪ್ರಸಂಗವಿದೆ. ತ್ರೋವ ಪಟ್ಟಣದ ಒಂದು ಮನೆಯ ಮೂರನೆಯ ಅಂತಸ್ತಿನಲ್ಲಿ ಜನ ಕೂಡಿದ್ದಾರೆ. ಬಹಳ ದೀಪಗಳು ಉರಿಯುತ್ತಿವೆ. ಮರುದಿನ ಹೊರಡಬೇಕಾಗಿದ್ದ ಪೌಲ ನಡುರಾತ್ರಿಯವರೆಗೆ ಮಾತಾಡುತ್ತಾನೆ. ಕಿಟಕಿಯಲ್ಲಿ ಕೂತಿದ್ದ ಯೂತಿಖ ನಿದ್ದೆ ಹತ್ತಿ ಕೆಳಗೆ ಬೀಳುತ್ತಾನೆ. ಎತ್ತುವಾಗ ಅವನು ಸತ್ತಿದ್ದನೆಂದು ಲೂಕ ಬರೆಯುತ್ತಾನೆ. ಪೌಲ ಉಪದೇಶ ನಿಲ್ಲಿಸಿ, ಕೆಳಗಿಳಿದು ಬಂದು, ಹುಡುಗನನ್ನು ತಬ್ಬಿಕೊಂಡು, ಜೀವವಿದೆ, ಗಾಬರಿಯಾಗಬೇಡಿ ಎಂದು ಧೈರ್ಯ ಹೇಳುತ್ತಾನೆ. ಆಮೇಲೆ ಮೇಲೆ ಹೋಗಿ ರೊಟ್ಟಿ ಮುರಿದು ಊಟ ಮಾಡಿ, ಬೆಳಗಾಗುವವರೆಗೆ ಅವರೊಂದಿಗೆ ಮಾತಾಡುತ್ತಾನೆ. ನಿದ್ದೆ ಮಾಡಿದ್ದಕ್ಕೆ ಹುಡುಗನಿಗೆ ಒಂದು ಗದರಿಕೆಯೂ ಲೂಕನ ಬರಹದಲ್ಲಿಲ್ಲ. ಅವನು ಕೂತಿದ್ದ ಜಾಗ ಯಾವಾಗಲೂ ನನ್ನ ಗಮನ ಸೆಳೆಯುತ್ತದೆ. ಕಿಟಕಿ ಎಂದರೆ ಪೂರ್ತಿ ಒಳಗೂ ಅಲ್ಲ, ಹೊರಗೂ ಅಲ್ಲ. ನಮ್ಮ ಚರ್ಚುಗಳಲ್ಲಿ ಕಾಲೇಜಿನ ಹುಡುಗರು ಕೊನೆಯ ಬೆಂಚಿನಲ್ಲಿ ಕೂತೋ ಬಾಗಿಲ ಪಕ್ಕದಲ್ಲಿ ನಿಂತೋ ಇದ್ದು, ಆಶೀರ್ವಚನ ಮುಗಿಯುತ್ತಲೇ ಮಾಯವಾಗುವುದೂ ಇಂಥ ಜಾಗದಿಂದಲೇ. ಹಿರಿಯರಲ್ಲೊಬ್ಬರು ಎದ್ದು ಅವರಿರುವಲ್ಲಿಗೆ ನಡೆದು ಹೋಗಬೇಕಾಗುತ್ತದೆ.

ಹೋಗಿ ಏನು ಮಾಡಬೇಕು? ಹೆಸರು ಕೇಳಬೇಕು, ಊಟಕ್ಕೆ ಕರೆಯಬೇಕು. ಕಾಲೇಜು ಯುವಜನರ ಸೇವೆಯೆಂದರೆ ವೇದಿಕೆ, ಬಣ್ಣದ ದೀಪ, ಗಿಟಾರು, ಹೊರಗಿನಿಂದ ಬರುವ ಭಾಷಣಕಾರ ಎಂದು ಅನೇಕ ಸಭೆಗಳು ಭಾವಿಸುತ್ತವೆ. ಅವು ಬೇಡವೆಂದಲ್ಲ, ಹಾಡು ಯಾರಿಗೆ ಬೇಡ? ಆದರೆ ಅನೇಕ ಹಾಸ್ಟೆಲು, ಪಿ.ಜಿ.ಗಳಲ್ಲಿ ಭಾನುವಾರ ರಾತ್ರಿ ಒಲೆ ಹಚ್ಚುವುದಿಲ್ಲ. ಅಂದು ಸಂಜೆ ಬನ್ನು, ಬಿಸ್ಕತ್ತು ತಿಂದು ಮಲಗುವ ಹುಡುಗನಿಗೆ ಒಂದು ಮನೆಯ ಅನ್ನ ಸಾರು ಸಿಕ್ಕಿದರೆ ಅದೇ ಅವನ ವಾರದ ದೊಡ್ಡ ಕಾರ್ಯಕ್ರಮ. ನಮ್ಮ ನಾಡಿಗೆ ಇದು ಹೊಸ ವಿದ್ಯೆಯಲ್ಲ. ಮೈಸೂರು, ಧಾರವಾಡಗಳಲ್ಲಿ ಓದಿದ ಹಿಂದಿನ ತಲೆಮಾರಿನ ಎಷ್ಟೋ ಮಂದಿ ವಾರಾನ್ನದಲ್ಲಿ ಬೆಳೆದವರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ವಾರಾನ್ನ ಬಹುಮಟ್ಟಿಗೆ ಜಾತಿಯ ಹೊಸ್ತಿಲೊಳಗೇ ಉಳಿಯಿತು ಎಂಬ ಸತ್ಯವನ್ನು ಮರೆಯಬಾರದು. ಅದರ ಮಿತಿಯನ್ನು ಹೊರಗಿಟ್ಟು, ಪದ್ಧತಿಯನ್ನು ಒಳಗೆ ತಂದುಕೊಳ್ಳಬಹುದು. ಒಂದು ಸಭೆಯ ಎಂಟು ಹತ್ತು ಮನೆಗಳು ಮುಂದೆ ಬಂದು, ಎರಡೆರಡು ಮನೆಯವರು ಒಂದೊಂದು ಭಾನುವಾರ ವಹಿಸಿಕೊಂಡರೆ ತಿಂಗಳು ತುಂಬುತ್ತದೆ. ಮೂರು ಮಕ್ಕಳು ಹೆಚ್ಚಿಗೆ ಉಂಡರೆ ಯಾವ ಮನೆಯೂ ಬಡವಾಗುವುದಿಲ್ಲ ಎಂಬುದು ಗೃಹಸ್ಥರಾದ ನಮಗೆಲ್ಲ ತಿಳಿದದ್ದೇ. ಬಂದವರು ರೂಮಿನ ಗೆಳೆಯನನ್ನೂ ಕರೆತಂದಾರು, ಅವನು ಹಿಂದೂವೋ ಮುಸ್ಲಿಮನೋ ಆಗಿದ್ದಾನು. ತಟ್ಟೆ ಇಡುವಾಗ ಧರ್ಮ ಕೇಳುವ ಪದ್ಧತಿ ಬೇಡ. ಉಂಡದ್ದಕ್ಕೆ ಬದಲಾಗಿ ನಂಬಿಕೆಯನ್ನು ಕೇಳುವ ಪದ್ಧತಿಯಂತೂ ಬೇಡವೇ ಬೇಡ.

ಈ ಅಕ್ಕರೆಗೆ ಒಂದು ಶಿಸ್ತೂ ಬೇಕು. ಹಾಸ್ಟೆಲಿನ ಗೇಟು ಎಂಟೂವರೆಗೆ ಮುಚ್ಚುವುದಾದರೆ ಊಟ ಏಳಕ್ಕೇ ಆಗಬೇಕು, ಹುಡುಗಿಯರನ್ನು ಬಾಗಿಲವರೆಗೆ ತಲುಪಿಸುವವರು ಯಾರೆಂದು ಮೊದಲೇ ಗೊತ್ತಾಗಿರಬೇಕು. ಯುವಜನರ ಹೊಣೆ ಹೊತ್ತವರಲ್ಲಿ ಹೆಂಗಸರೂ ಇರಬೇಕು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಹಿರಿಯರು ಒಬ್ಬರೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಆಪ್ತ ಸಲಹೆ ಕೊಡುವ ಕ್ರಮ ಇರಬಾರದು. ಇದನ್ನು ಅಪನಂಬಿಕೆ ಎಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ, ಇದು ಇಬ್ಬರಿಗೂ ರಕ್ಷೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದು ಊಟ ನಿದ್ದೆ ಬಿಟ್ಟ ಹುಡುಗನಿಗೆ ಪ್ರಾರ್ಥನೆ ಮಾಡೋಣ ಎಂದಷ್ಟೇ ಹೇಳಿ ಕಳಿಸುವುದು ಸಾಲದು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಮಾತಾಡಬಹುದು, ಅದು ಪ್ರತಿ ಹಿರಿಯರ ಬಾಯಲ್ಲಿರಬೇಕು. ಪ್ರಾರ್ಥನೆಯನ್ನೂ ಮಾಡೋಣ, ವೈದ್ಯರ ಬಳಿಗೆ ಜೊತೆಯಲ್ಲಿ ನಡೆದೂ ಹೋಗೋಣ.

ಊಟದ ನಂತರದ ಹೆಜ್ಜೆ ಕೆಲಸ ಕೊಡುವುದು. ಇಲ್ಲಿ ನಮ್ಮ ಸಭೆಗಳು ಬಹಳ ಜಿಪುಣ. ಯುವಕರಿಗೆ ನಾವು ವಹಿಸುವುದು ಕುರ್ಚಿ ಜೋಡಿಸುವುದು, ಮೈಕು ಕಟ್ಟುವುದು, ಕ್ರಿಸ್‌ಮಸ್‌ಗೆ ನಕ್ಷತ್ರ ಏರಿಸುವುದು. ತಪ್ಪಿದರೆ ನಷ್ಟವಾಗುವಂಥ ಕೆಲಸವನ್ನು ಮಾತ್ರ ಕೊಡುವುದಿಲ್ಲ. 1844ರ ಜೂನ್ ತಿಂಗಳಲ್ಲಿ ಲಂಡನ್ನಿನ ಒಂದು ಬಟ್ಟೆ ಅಂಗಡಿಯ ಕೆಲಸಗಾರ ಜಾರ್ಜ್ ವಿಲಿಯಮ್ಸ್, ಅಂಗಡಿಯ ಮೇಲಿನ ಕೋಣೆಯಲ್ಲಿ ತನ್ನಂತೆಯೇ ಹಗಲಿರುಳು ದುಡಿಯುತ್ತಿದ್ದ ಗೆಳೆಯರನ್ನು ಕೂಡಿಸಿ ವೈ.ಎಂ.ಸಿ.ಎ. ಆರಂಭಿಸಿದಾಗ ಅವನಿಗೆ ಇಪ್ಪತ್ತೆರಡು ವರ್ಷ. ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿ ನಾವು ನೋಡುವ ವೈ.ಎಂ.ಸಿ.ಎ. ಆ ಕೋಣೆಯ ವಂಶದ್ದು. ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ 1895ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದಾಗ ಅದರ ಮುಂದಾಳು ಜಾನ್ ಮಾಟ್‌ಗೆ ಮೂವತ್ತು. ಮುಂದೆ 1946ರಲ್ಲಿ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂತು. ನಮ್ಮ ದೇಶದ ವಿದ್ಯಾರ್ಥಿ ಕ್ರೈಸ್ತ ಚಳವಳಿ 1912ರದು, ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಹಿರಿಯರು ಇಂಥವರಿಗಾಗಿ ಕಾರ್ಯಕ್ರಮ ಮಾಡಿಕೊಡಲಿಲ್ಲ, ಅವರೇ ಕಟ್ಟಿದರು. ಆದ್ದರಿಂದ ವಾಣಿಜ್ಯ ಓದುವವನಿಗೆ ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಕೊಡಿ, ಕೊನೆಯ ಪೈಸೆಯವರೆಗೂ ಅವನೇ ಒಪ್ಪಿಸಲಿ. ನರ್ಸಿಂಗ್ ಓದುವ ಹುಡುಗಿ ಆರಾಧನೆಯ ನಂತರ ಅಜ್ಜ ಅಜ್ಜಿಯರ ರಕ್ತದೊತ್ತಡ ನೋಡಿ ಬರೆದಿಡಲಿ. ಸಭೆಯ ಕಮಿಟಿಯಲ್ಲಿ ಒಂದು ಸ್ಥಾನ ಅವರದಾಗಲಿ, ಮತ ಹಾಕುವ ಸ್ಥಾನ. ತಾನಿಲ್ಲದಿದ್ದರೆ ಒಂದು ಕೆಲಸ ನಿಲ್ಲುತ್ತದೆ ಎಂದು ಗೊತ್ತಿರುವವರು ಮಳೆ ಬಂದರೂ ಬರುತ್ತಾರೆ.

ಈ ಯುವಜನರೊಡನೆ ಕೂತು ಮಾತಾಡುವುದಕ್ಕೂ ಒಂದು ರೀತಿಯಿದೆ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಪಾದ್ರಿಯಾಗಲು ಓದುತ್ತಿದ್ದಾಗ ರಜೆಗೆ ಊರಿಗೆ ಬಂದರು. ಗಿರಣಿ, ಗಣಿಗಳ ಕೆಲಸಕ್ಕೆ ಸೇರಿದ್ದ ಶಾಲೆಯ ಗೆಳೆಯರು ಇವನು ಇನ್ನು ನಮ್ಮವನಲ್ಲ ಎಂಬಂತೆ ದೂರ ಸರಿದರು. ಆ ನೋವೇ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆಯಾಯಿತು. ಮೊದಲು ಬದುಕನ್ನು ಇದ್ದ ಹಾಗೆ ನೋಡುವುದು, ಆಮೇಲೆ ಸುವಾರ್ತೆಯ ಬೆಳಕಿನಲ್ಲಿ ವಿವೇಚಿಸುವುದು, ಕೊನೆಗೆ ಕೈಲಾದದ್ದನ್ನು ಮಾಡುವುದು ಅವರ ಕ್ರಮ. ಕಥೋಲಿಕ ಶಾಲಾ ಕಾಲೇಜುಗಳ ವಿದ್ಯಾರ್ಥಿ ಕೂಟಗಳು ಇಂದಿಗೂ ಅದನ್ನೇ ಅನುಸರಿಸುತ್ತವೆ. ಕ್ರಮ ಸರಳವಾಗಿ ಕಂಡರೂ ನಾವು ಸಾಮಾನ್ಯವಾಗಿ ತಿರುವುಮುರುವು ಮಾಡುತ್ತೇವೆ, ಮೊದಲೇ ಉಪದೇಶ ಶುರುಮಾಡಿ ಅವರ ಬದುಕನ್ನು ಕೇಳಲು ಮರೆಯುತ್ತೇವೆ. ಫೀಸು ಕಟ್ಟಲು ಅಪ್ಪ ಮಾಡಿದ ಸಾಲ, ಮನೆಯಲ್ಲಿ ಹೇಳಲಾಗದ ಪ್ರೀತಿ, ಇಂಗ್ಲಿಷಿನ ಭಯ ಇವೆಲ್ಲ ಮೇಜಿನ ಮೇಲೆ ಬರಲಿ. ಜೀವವಿಜ್ಞಾನ ಓದುವ ಹುಡುಗಿ ಆದಿಕಾಂಡದ ಆರು ದಿನಗಳ ಬಗ್ಗೆ ಕೇಳಿದರೆ ಅದು ಉದ್ಧಟತನವಲ್ಲ. ನಂಬಿಕೆ ಬೇಡವಾದವರು ಪ್ರಶ್ನೆ ಕೇಳುತ್ತ ಕೂರುವುದಿಲ್ಲ, ಎದ್ದು ಹೋಗುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಇಬ್ಬರೂ ಹುಡುಕೋಣ ಎನ್ನುವ ಹಿರಿಯರನ್ನು ಮಕ್ಕಳು ಬಹಳ ಕಾಲ ನೆನಪಿಡುತ್ತಾರೆ.

ಭಾಷೆಯ ಮಾತನ್ನೂ ಆಡಬೇಕು. ನಗರದ ಎಷ್ಟೋ ಚರ್ಚುಗಳಲ್ಲಿ ಒಂದೇ ಸೂರಿನಡಿ ಕನ್ನಡದ ಆರಾಧನೆ ಒಂದು ಹೊತ್ತಿಗೆ, ಇಂಗ್ಲಿಷಿನದು ಇನ್ನೊಂದು ಹೊತ್ತಿಗೆ. ಯುವಜನರ ಕೂಟ ಸಹಜವಾಗಿ ಇಂಗ್ಲಿಷಿನ ಕಡೆ ವಾಲುತ್ತದೆ. ಬೀದರಿನ ಮೆಥೊಡಿಸ್ಟ್ ಮನೆಯಿಂದ ಬಂದ ಹುಡುಗ, ಕನ್ನಡದ ಸತ್ಯವೇದವನ್ನು ನಿರರ್ಗಳವಾಗಿ ಓದಬಲ್ಲವನು, ಅಲ್ಲಿ ತುಟಿ ಬಿಚ್ಚುವುದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು ಅಜ್ಜಿಯ ಜೊತೆ ಕನ್ನಡದಲ್ಲಿ ಪ್ರಾರ್ಥಿಸುತ್ತಾಳೆ, ಅಕ್ಷರ ಮಾತ್ರ ಕೂಡಿಸಲಾರಳು. ಇವರಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ವಾರದ ಪಾಠವನ್ನು ಒಟ್ಟಿಗೆ ಓದಿಸಿದರೆ ಅವನಿಗೆ ಇಂಗ್ಲಿಷು ಸಲೀಸಾಗುತ್ತದೆ, ಅವಳಿಗೆ ಕನ್ನಡ ದಕ್ಕುತ್ತದೆ. ಇದಕ್ಕೆ ಬಜೆಟ್ಟು ಬೇಕಿಲ್ಲ, ಬೆಂಚು ಸಾಕು.

ಇನ್ನು ಸಭೆಯ ರಿಜಿಸ್ಟರುಗಳಿರುವ ಆ ಬೀರುವಿಗೆ ಒಂದು ಹೊಸ ಪುಸ್ತಕ ಸೇರಿಸಬೇಕು. ಮೊದಲ ಭಾಗದಲ್ಲಿ ನಮ್ಮ ಸಭೆಯಿಂದ ಓದಲು ಹೊರಟವರ ಹೆಸರು, ಕಾಲೇಜು, ಫೋನು. ಕಾಲೇಜು ತೆರೆಯುವ ಮುನ್ನ ಊರಿನ ಅಯ್ಯನವರೋ ಫಾದರೋ ಆ ನಗರದ ಒಂದು ಸಭೆಗೆ ತಾವೇ ಕರೆ ಮಾಡಿ, “ನಮ್ಮ ಹುಡುಗಿ ಬರುತ್ತಿದ್ದಾಳೆ, ನೋಡಿಕೊಳ್ಳಿ” ಎಂದು ಹೇಳಬೇಕು. ಎರಡನೆಯ ಭಾಗದಲ್ಲಿ ಬೇರೆ ಊರುಗಳಿಂದ ನಮ್ಮ ಸಭೆಗೆ ಬಂದವರು, ಪ್ರತಿ ಹೆಸರಿನ ಮುಂದೆ ಅವರನ್ನು ವಹಿಸಿಕೊಂಡ ಮನೆ. ಮೂರು ಭಾನುವಾರ ಕಾಣದಿದ್ದರೆ ಆ ಮನೆಯವರು ಫೋನು ಮಾಡಿ, ಚರ್ಚಿಗೆ ಏಕೆ ಬರಲಿಲ್ಲ ಎಂದು ಕೇಳುವ ಬದಲು, ಊಟಕ್ಕೆ ಯಾವಾಗ ಬರುತ್ತೀ ಎಂದು ಕೇಳಬೇಕು. ಬರುವುದಿಲ್ಲ ಎಂದವರಿಗೂ ಕ್ರಿಸ್‌ಮಸ್‌ನ ಕುಸ್ವಾರ್ ತಿಂಡಿ ಹೋಗಬೇಕು. ನಾಲ್ಕು ವರ್ಷ ಕಳೆದು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಕ್ಕಿ ಹೊರಟಾಗ, ಆ ಊರಿನ ಒಂದು ಸಭೆಯ ಸಂಖ್ಯೆ ಹುಡುಕಿ ಇದೇ ಮಾತನ್ನು ಅಲ್ಲಿಗೂ ಹೇಳುವ ಕೆಲಸ ಇಷ್ಟು ದಿನ ಉಣಿಸಿದ ಮನೆಯವರದು.