ಎರವಲು ಕಣ್ಣು

ಹಳೆಯ ಕತೆಯನ್ನು ಹೊಸದಾಗಿಸಲು ಸುಲಭದ ಉಪಾಯವೊಂದಿದೆ: ಹೇಳುವವರನ್ನು ಬದಲಿಸುವುದು. ರಾಜನ ಬದಲು ಸೇವಕ ಹೇಳಲಿ, ಹಸುವಿನ ಬದಲು ಹುಲಿ ಹೇಳಲಿ. ಓದುಗರ ಕಿವಿ ತಕ್ಷಣ ನೆಟ್ಟಗಾಗುತ್ತದೆ. ಆದರೆ ಇನ್ನೊಬ್ಬರ ಕಣ್ಣನ್ನು ಎರವಲು ಪಡೆದ ಮೇಲೆ ಅವರಿಗೆ ನಾವು ಏನಾದರೂ ಋಣಿಗಳೇ?

ಟಾಲ್‌ಸ್ಟಾಯ್ ಅವರ 'ಖೋಲ್‌ಸ್ತೊಮೆರ್' ಕತೆ 1886ರಲ್ಲಿ ಪ್ರಕಟವಾಯಿತು. ಮಚ್ಚೆಮೈಯ ಮುದಿ ಕುದುರೆಯೊಂದು ತನ್ನ ಬದುಕನ್ನು ಉಳಿದ ಕುದುರೆಗಳಿಗೆ ಹೇಳಿಕೊಳ್ಳುತ್ತದೆ. ಅದಕ್ಕೆ ಅರ್ಥವಾಗದ ಮಾತೊಂದಿದೆ: 'ನನ್ನದು'. 'ನನ್ನ ಕುದುರೆ' ಎನ್ನುವವನು ಅದನ್ನು ಹತ್ತುವುದಿಲ್ಲ, ಮೇವು ಹಾಕುವುದಿಲ್ಲ. ಅದನ್ನೆಲ್ಲ ಮಾಡುವವರು ಬೇರೆಯವರು. 'ನನ್ನ ಮನೆ' ಎನ್ನುವವನು ಆ ಮನೆಯಲ್ಲಿ ವಾಸವೇ ಇರುವುದಿಲ್ಲ. ನಮಗೆ ರೂಢಿಯಾದದ್ದನ್ನು ವಿಚಿತ್ರವಾಗಿ ಕಾಣಿಸುವ ಈ ಬಗೆಗೆ ವಿಕ್ತರ್ ಶ್ಕ್ಲೋವ್‌ಸ್ಕಿ 1917ರ ತಮ್ಮ ಪ್ರಬಂಧದಲ್ಲಿ ಇದೇ ಕತೆಯನ್ನು ಉದಾಹರಣೆಯಾಗಿ ಕೊಟ್ಟರು. ಕುದುರೆ ಮಾತಾಡಿತು ಎಂಬುದರಲ್ಲಿ ಹೊಸತೇನಿಲ್ಲ, ಪಂಚತಂತ್ರದಲ್ಲೂ ಪ್ರಾಣಿಗಳು ಮಾತಾಡುತ್ತವೆ. ಇಲ್ಲಿ ಕುದುರೆಗೆ ಮನುಷ್ಯರ ಒಂದು ನಂಬಿಕೆ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ನಮ್ಮನ್ನು ಕೆಣಕುತ್ತದೆ.

ಇನ್ನು ಖಳರ ಕಣ್ಣಿನಿಂದ ಹೇಳುವ ಕತೆಗಳು. ಪುಣ್ಯಕೋಟಿಯ ಕತೆಯನ್ನು ಹುಲಿಯೇ ಹೇಳಿದರೆ ಅದರ ಹಸಿವಿಗೂ ಒಂದು ನ್ಯಾಯ ಸಿಗುತ್ತದೆ, ಸಿಗಲಿ. ಆದರೆ ಹಸು ಮಾಯಗಾತಿ, ಹುಲಿ ಪಾಪದ್ದು ಎಂದು ತಿರುಗಿಸಿಬಿಟ್ಟರೆ ಪಾತ್ರಗಳು ಜಾಗ ಬದಲಿಸಿದವು, ಅಷ್ಟೇ. ಕುವೆಂಪು 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಮಂಥರೆಯ ಒಳಗನ್ನು ತೆರೆದು ಅಲ್ಲಿ ಮಮತೆಯನ್ನು ಕಾಣಿಸಿದರು. ಹಾಗೆಂದು ರಾಮ ಕಾಡಿಗೆ ಹೋಗುವುದು ತಪ್ಪಲಿಲ್ಲ, ದಶರಥನ ಸಾವೂ ತಪ್ಪಲಿಲ್ಲ. ಅವಳನ್ನು ಅರ್ಥ ಮಾಡಿಕೊಂಡೆವು, ಅವಳಿಂದಾದ ನೋವು ಮಾತ್ರ ಇದ್ದಷ್ಟೇ ಇದೆ. ನೋಡುವ ಕಣ್ಣು ಬದಲಾದಾಗ ಗಾಯ ಚಿಕ್ಕದಾದರೆ ಎಲ್ಲೋ ಮೋಸ ನಡೆದಿದೆ ಎಂದೇ ನನ್ನ ಲೆಕ್ಕ.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದದ್ದು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ 'ಯೂಸರ್ ಸ್ಟೋರಿ' ಎಂದು ಬರೆಯುತ್ತೇವೆ: 'ಒಬ್ಬ ಗ್ರಾಹಕನಾಗಿ ನನಗೆ ಇಂಥದ್ದು ಬೇಕು.' ವಾಕ್ಯದಲ್ಲಿರುವ 'ನಾನು' ಗ್ರಾಹಕ. ಬೇಕು ಎನ್ನುವುದು ಎಷ್ಟೋ ಸಲ ನಾವು ಮೊದಲೇ ತೀರ್ಮಾನಿಸಿದ್ದು. ಸಾಹಿತ್ಯದಲ್ಲೂ ಇದು ನಡೆಯುತ್ತದೆ.

ಊರು ಬಿಟ್ಟು ಬಂದ ನಾವು ವಲಸೆಯ ಕತೆ ಬರೆದರೆ ಅದರಲ್ಲಿ ಅಮ್ಮನ ಕೈಯಡುಗೆ, ಊರಹಬ್ಬ, ಕನ್ನಡ ಬಾರದ ಮಕ್ಕಳು ಬರುತ್ತಾರೆ. ಕಲಬುರಗಿ, ಯಾದಗಿರಿ ಕಡೆಯಿಂದ ಪುಣೆಗೋ ಮುಂಬೈಗೋ ಕಟ್ಟಡದ ಕೆಲಸಕ್ಕೆ ಬಂದವರೂ ಕನ್ನಡದವರೇ, ವಲಸಿಗರೇ. ಗಾರೆ ಹೊರುವ ಹೆಂಗಸೊಬ್ಬಳನ್ನು 'ನಾನು' ಎಂದು ಮಾತಾಡಿಸಲು ಹೊರಟೆವು ಎನ್ನಿ. ಅವಳೂ ನಮ್ಮಂತೆಯೇ ಮಳೆ ನೋಡಿ ಊರು ನೆನೆದು ಕಣ್ಣೀರಿಟ್ಟರೆ ಅದು ನಮ್ಮ ಕಣ್ಣೀರು, ಸೀರೆ ಮಾತ್ರ ಅವಳದು. ಮಳೆ ಬಂದರೆ ಆವತ್ತಿನ ಕೂಲಿ ಇಲ್ಲ ಎನ್ನುವುದು ಅವಳ ಮೊದಲ ಯೋಚನೆ ಇದ್ದೀತು. ನಾವು ಅವಳ ಕತೆಯಲ್ಲಿ ಒಳ್ಳೆಯವರಾಗಿಯೋ ಕೆಟ್ಟವರಾಗಿಯೋ ಬರುತ್ತೇವೆಂದು ಭಾವಿಸುವುದೂ ಒಂದು ಜಂಬವೇ. ಅವಳ ದಿನದಲ್ಲಿ ನಮಗೆ ಜಾಗವೇ ಇಲ್ಲದಿರಬಹುದು.

ಹಾಗಾದರೆ ಬರೆಯಲೇಬಾರದೇ? ಸುಮ್ಮನಿರುವುದೂ ನಮಗೆ ಅನುಕೂಲದ್ದೇ. ಬರೆಯೋಣ. ಬರೆದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ಕಣ್ಣಿನಿಂದ ನೋಡಿದ ಮೇಲೆ ನನಗೆ ಇರುಸುಮುರುಸಾಗುವಂಥದ್ದು ಏನಾದರೂ ಕಂಡಿತೇ? ಏನೂ ಕಾಣದಿದ್ದರೆ ಅದು ನನ್ನದೇ ಕಣ್ಣು. 'ನನ್ನ ಫ್ಲಾಟ್' ಎಂದು ನಾವು ಹೇಳುವ ಮಾತು ಅದರ ಇಟ್ಟಿಗೆ ಹೊತ್ತವಳಿಗೆ ಹೇಗೆ ಕೇಳಿಸೀತು ಎಂಬಲ್ಲಿಂದ ಬೇಕಾದರೆ ಶುರುಮಾಡಬಹುದು.